ಬೇಕರಿ ಮೇಲಿನ ಕೋಣೆ

ಜೂನ್ ೫

ಅತ್ತಿಗೆಗೆ ನಿಮ್ಮ ನಾದಿನಿ ಬರೆಯುವುದು.

ಫೋನ್ ಇಟ್ಟುಕೊಂಡು ಪತ್ರ ಬರೆಯುತ್ತಾಳಲ್ಲ ಅಂತ ನಗಬೇಡಿ. ಫೋನ್ ಇರುವುದು ಅಂಗಡಿಯ ಗಲ್ಲಾದ ಪಕ್ಕ. ನಾನು ‘ಹಲೋ’ ಅಂದರೆ ಸಾಕು, ಬನ್ನು ಕೊಳ್ಳಲು ಬಂದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ. ಬನ್ನಿನ ಜೊತೆಗೆ ನಮ್ಮ ಮನೆಯ ಮಾತನ್ನೂ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ.

ವಿಷಯ ಇಷ್ಟೇ. ಮಗಳಿಗೆ ಏಳನೇ ತಿಂಗಳು ನಡೆಯುತ್ತಿದೆ. ಅಳಿಯಂದಿರು ಹಡಗಿನ ಕೆಲಸಕ್ಕೆ ಹೋದಾಗಿನಿಂದ ನೀವೂ ಅಣ್ಣನೂ ಅವಳನ್ನು ಕಣ್ಣರೆಪ್ಪೆಯ ಹಾಗೆ ನೋಡಿಕೊಂಡಿದ್ದೀರಿ. ಇನ್ನು ಹೆರಿಗೆಗೆ ಇಲ್ಲಿಗೆ ಬರಲಿ. ಬೇಕರಿ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ಬಡಗಿಯವರು ಹೊಸ ಮಂಚ, ತೊಟ್ಟಿಲು ಎರಡೂ ಮಾಡಿಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಭಟ್ಟಿಯಿಂದ ಬ್ರೆಡ್ಡಿನ ಘಮ ಬರುತ್ತದೆ. ಅವಳು ಹುಟ್ಟಿದ್ದೂ ಅದೇ ಘಮದಲ್ಲಿ. ತಿಂಗಳ ಕೊನೆಗೆ ಯಾರಾದರೂ ಕರೆತಂದು ಬಿಟ್ಟರೆ ನನ್ನ ಜನ್ಮ ಸಾರ್ಥಕ.

ಇಲ್ಲಿ ಎಲ್ಲರೂ ಆರಾಮ. ಕೆಲಸ ಮಾತ್ರ ನನ್ನ ತಲೆ ಮೇಲೆ ಬಿದ್ದಿದೆ. ಹಿಟ್ಟು ನಾದುವ ನಮ್ಮ ಹಿಟ್ಟಣ್ಣ ಬರುತ್ತಿಲ್ಲ. ಮೈಕೈಯೆಲ್ಲ ಮುರಿದು ಹಾಕಿದ ಹಾಗಿದೆಯಂತೆ, ಕಣ್ಣಿನ ಹಿಂದೆ ನೋವಂತೆ. ಕಣ್ಣಿನ ಹಿಂದೆ ಯಾರಿಗಾದರೂ ನೋಯುತ್ತದೆಯೇ? ಮೊನ್ನೆ ಬನ್ನು ಸೀದದ್ದಕ್ಕೆ ನಾನು ಬೈದಿದ್ದೆ, ಅದರ ಹಿಂದಿನ ನೋವು ಇರಬೇಕು.

ಜೂನ್ ೧೧

ಪ್ರೀತಿಯ ಬೇಕರಿ ಮಹಾರಾಣಿಗೆ,

ಹಿಟ್ಟಣ್ಣನ ನೋವನ್ನು ತಮಾಷೆ ಮಾಡಬೇಡ. ಜ್ವರ, ಮೂಳೆ ಮುರಿದಂಥ ನೋವು, ಕಣ್ಣಿನ ಹಿಂದೆ ಎಳೆತ. ನಮ್ಮ ವಾರ್ಡಿನಲ್ಲಿ ಈಗ ಹಾಸಿಗೆ ಹಾಸಿಗೆಗೂ ಇದೇ ಹಾಡು. ಡೆಂಗಿ ಇರಬಹುದು. ಇವತ್ತೇ ರಕ್ತ ಪರೀಕ್ಷೆ ಮಾಡಿಸು. ಗಲ್ಲಾದ ಖಾನೆಯಲ್ಲಿ ನೀನು ಇಟ್ಟಿರುವ ನೋವಿನ ಮಾತ್ರೆಗಳನ್ನು ಅವನಿಗೆ ಕೊಡಬೇಡ. ಕೆಲವು ನೋವಿನ ಮಾತ್ರೆಗಳಿಂದ ಈ ಜ್ವರದಲ್ಲಿ ರಕ್ತ ಸುರಿಯುವ ಅಪಾಯ ಹೆಚ್ಚು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ಹೇಳಿದಷ್ಟು. ಉಳಿದದ್ದು ವಿಶ್ರಾಂತಿ, ಮತ್ತೆ ಮತ್ತೆ ಕುಡಿಯಲು ನೀರು, ಗಂಜಿ.

ಇನ್ನೊಂದು ಮಾತು, ಸಿಟ್ಟಾಗಬೇಡ. ಅಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯೇ, ನಿಜ ಹೇಳು. ಗೊತ್ತಾಗುವವರೆಗೆ ಹುಡುಗಿಯನ್ನು ಕಳಿಸುವುದಿಲ್ಲ. ತುಂಬಿದ ಬಸುರಿಗೆ ಈ ಜ್ವರ ಬಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಮೂವತ್ತು ವರ್ಷದ ನರ್ಸ್ ಕೆಲಸ ನನಗೆ ಬೇರೇನು ಕಲಿಸದಿದ್ದರೂ ಇದನ್ನು ಕಲಿಸಿದೆ.

ಹುಡುಗಿ ಇಲ್ಲಿ ಖುಷಿಯಾಗಿದ್ದಾಳೆ, ಚಿಂತೆ ಮಾಡಬೇಡ.

ಜೂನ್ ೧೮

ಅತ್ತಿಗೆಗೆ,

ನೀವು ಹೇಳಿದ್ದೇ ಸರಿ, ಡೆಂಗಿಯೇ. ಹಿಟ್ಟಣ್ಣ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಹಿಟ್ಟಿನ ಮೂಟೆ ಹೆಗಲಿಗೇರಿಸುತ್ತಿದ್ದವನು ಈಗ ಲೋಟ ಎತ್ತಲೂ ಯೋಚಿಸುತ್ತಾನೆ. ಅವನ ನೋವನ್ನು ತಮಾಷೆ ಮಾಡಿದ ನಾಲಿಗೆಯನ್ನು ಕಚ್ಚಿಕೊಂಡಿದ್ದೇನೆ.

ಆದರೆ ಹೆದರುವಂಥದ್ದೇನಿಲ್ಲ. ಕಾರಣ ಗೊತ್ತಾಗಿದೆ. ಅಂಗಡಿಯ ಹಿಂದೆ ಚರಂಡಿ ಕಟ್ಟಿಕೊಂಡು ನಾರುತ್ತಿತ್ತು. ನಾನು ನಗರಸಭೆಗೆ ಹೋಗಿ ಕೂತುಬಿಟ್ಟೆ. ‘ಚರಂಡಿ ಬಿಡಿಸೋ ತನಕ ನಾನು ಏಳಲ್ಲ’ ಅಂದೆ. ‘ಅಮ್ಮಾ, ನೀವು ಎದ್ರೆ ತಾನೇ ನಾವು ಹೋಗೋದು’ ಅಂದರು. ಮಾರನೇ ದಿನವೇ ಬಂದು ಚೊಕ್ಕ ಮಾಡಿದರು. ಸಂಜೆ ಸೊಳ್ಳೆಗೆ ಹೊಗೆ ಬಿಡುವ ಗಾಡಿಯೂ ಬಂತು. ಬೀದಿಯೆಲ್ಲ ಮೋಡದೊಳಗೆ ಹೋದಂತಾಗಿ ನನ್ನ ರಸ್ಕಿಗೆಲ್ಲ ಸೀಮೆಎಣ್ಣೆ ವಾಸನೆ ಹತ್ತಿತು. ಒಂದು ಇಡೀ ಭಟ್ಟಿಯ ಮಾಲು ತಿಪ್ಪೆಗೆ ಹೋಯಿತು, ಹೋಗಲಿ. ಸೊಳ್ಳೆಯ ಸಂತಾನ ನಾಶವಾಯಿತಲ್ಲ.

ಈಗ ಮಗಳನ್ನು ಕಳಿಸಿ. ಪಕ್ಕದ ಸೂಜಿ ಮೇಷ್ಟ್ರ ಟೈಲರ್ ಅಂಗಡಿ ನಾಲ್ಕು ದಿನದಿಂದ ಮುಚ್ಚಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೆಂಟರ ಮನೆಗೆ ಹೋಗಿರಬಹುದು.

ಜೂನ್ ೨೫

ನಾದಿನಿಗೆ,

ನಾನು ಕೇಳದೇ ಇದ್ದರೂ ಸೂಜಿ ಮೇಷ್ಟ್ರ ಸುದ್ದಿ ಯಾಕೆ ಬಂತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವರಿಗೂ ಜ್ವರ, ಅಲ್ಲವೇ?

ಚರಂಡಿ ಬಿಡಿಸಿದ್ದು ಒಳ್ಳೆಯದೇ, ಆದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಈ ಸೊಳ್ಳೆಗೆ ನಾರುವ ನೀರು ಬೇಡ. ಅದರದು ಬಹಳ ಮಡಿ. ನಾವು ಇಟ್ಟುಕೊಳ್ಳುವ ತಿಳಿ ನೀರೇ ಅದಕ್ಕೆ ಬೇಕು. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಎಸೆದ ಟೈರು, ಮುಚ್ಚಳವಿಲ್ಲದ ತೊಟ್ಟಿ. ಕಚ್ಚುವುದೂ ಹಗಲು, ಬೆಳಗ್ಗೆ ಮತ್ತು ಸಂಜೆ ಹೆಚ್ಚು. ಬಹಳ ದೂರ ಹಾರುವುದೂ ಇಲ್ಲ. ಹುಟ್ಟಿದ ಮನೆಯ ಸುತ್ತಮುತ್ತಲೇ ಊಟ. ಹೊಗೆಗೆ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ವಾರದೊಳಗೆ ಹೊಸ ದಂಡು ಸಿದ್ಧ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗಿನ ಅಂಚನ್ನು ಉಜ್ಜಿ ತೊಳೆಯಬೇಕು. ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ಪಾತ್ರೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಯಾರಿಗಾದರೂ ಜ್ವರ ಬಂದರೆ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸು. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಇನ್ನೊಬ್ಬರಿಗೆ ಕೊಡುವುದು. ಮತ್ತೆ ಇದನ್ನು ಮನಸ್ಸಿನಲ್ಲಿ ಬರೆದಿಟ್ಟುಕೋ: ಜ್ವರ ಇಳಿದಾಗ ಅಪಾಯ ಮುಗಿಯಿತು ಅಂದುಕೊಳ್ಳಬೇಡ. ಆಗಲೇ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಹುಡುಗಿ ಸದ್ಯ ಇಲ್ಲೇ ಇರಲಿ. ನಾಲ್ಕು ಸಲ ಫೋನ್ ಮಾಡಿದೆ. ನನ್ನ ದನಿ ಕೇಳಿ ಇಟ್ಟುಬಿಟ್ಟೆಯಲ್ಲ, ಅದು ಗೊತ್ತಾಯಿತು.

ಜುಲೈ ೨

ಅತ್ತಿಗೆಯವರಿಗೆ,

ಹೌದು, ಇಟ್ಟೆ. ಬಾಯಿ ತೆರೆದರೆ ಬೀದಿಗೆಲ್ಲ ಕೇಳುವಂತೆ ಅತ್ತುಬಿಡುತ್ತಿದ್ದೆ.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಡ್ರಮ್ಮಿಗೆ ಮುಚ್ಚಳ, ತೊಟ್ಟಿಗೆ ಬಲೆ, ಫ್ರಿಜ್ಜಿನ ತಟ್ಟೆ ಖಾಲಿ. ಆರೋಗ್ಯ ಇಲಾಖೆಯವರು ಬಂದು ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡಿ, ‘ಇಷ್ಟು ಚೊಕ್ಕಟವಾದ ಬೇಕರಿ ನಾನು ನೋಡಿಲ್ಲ’ ಅಂದು ಒಂದು ಬನ್ನು ತಿಂದು ಹೋದರು. ಇನ್ನೇನು ಬೇಕು ನಿಮಗೆ?

ನನಗೆ ಅರ್ಥವಾಗುತ್ತದೆ ಅತ್ತಿಗೆ. ಸೊಳ್ಳೆ ಒಂದು ನೆಪ. ನಿಮ್ಮ ಮನೆಯಲ್ಲಿ ಮಗು ಆಡಲಿಲ್ಲ. ಈಗ ನನ್ನ ಮಗಳ ಬಾಣಂತನ ನಿಮ್ಮ ಕೈಯಲ್ಲೇ ಆಗಬೇಕು, ಮೊಮ್ಮಗುವಿನ ಮುಖ ಮೊದಲು ನೀವೇ ನೋಡಬೇಕು ಅನ್ನುವ ಆಸೆ. ಕೇಳಿದ್ದರೆ ನಾನೇ ಕರೆಯುತ್ತಿದ್ದೆ. ನನ್ನ ಮನೆಯನ್ನು ಕೊಳಕು ಅಂದು ಕಸಿದುಕೊಳ್ಳಬೇಕಿತ್ತೇ?

ಯಾವ ಮನೆಯನ್ನು ಕೊಳಕು ಅನ್ನುತ್ತಿದ್ದೀರಿ, ನೆನಪಿದೆಯೇ? ಸಕ್ಕರೆ ಮೂಟೆಗಟ್ಟಲೆ ಇದ್ದರೂ ಒಂದು ಇರುವೆ ಹತ್ತದ ಮನೆ. ಅಮ್ಮ ಹಾಕಿಕೊಟ್ಟ ಪದ್ಧತಿಯನ್ನು ನಾನು ಒಂದು ದಿನ ತಪ್ಪಿಸಿಲ್ಲ. ಪ್ರತಿ ರ‍್ಯಾಕಿನ, ಪ್ರತಿ ಮೇಜಿನ ಕಾಲಿಗೂ ಬಟ್ಟಲು. ಬೆಳಗಾದರೆ ಕುಡಿಯುವ ನೀರನ್ನೇ ನನ್ನ ಕೈಯಾರೆ ಅವಕ್ಕೆ ತುಂಬಿಸುತ್ತೇನೆ. ನೀವು ಮದುವೆಯಾಗಿ ಬಂದ ಹೊಸದರಲ್ಲಿ ನೀವೂ ತುಂಬಿಸಿದ್ದೀರಿ. ಹಸುಗೂಸಿಗೆ ಇರುವೆ ಕಚ್ಚಬಾರದು ಅಂತ ಮೇಲಿನ ಕೋಣೆಯ ಮಂಚಕ್ಕೂ ತೊಟ್ಟಿಲಿಗೂ ಈಗಾಗಲೇ ಇಟ್ಟಿದ್ದೇನೆ. ಇಷ್ಟು ಮಾಡುವ ತಾಯಿಯ ಹತ್ತಿರ ಮಗಳನ್ನು ಕಳಿಸಲು ನಿಮಗೆ ಭಯ!

ಜುಲೈ ೭

ಬೈಗುಳಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ನಿನ್ನ ಫೋನ್ ಬೆಳಗಿನಿಂದ ಯಾರೂ ಎತ್ತುತ್ತಿಲ್ಲ, ಅದಕ್ಕೆ ತುರ್ತು ಅಂಚೆ.

ಇದನ್ನು ಓದಿದ ಕೂಡಲೇ ಟಾರ್ಚ್ ತೆಗೆದುಕೊಂಡು ನೆಲದ ಮೇಲೆ ಮಂಡಿಯೂರಿ ಕೂರು. ಬಟ್ಟಲುಗಳನ್ನು ನೋಡು. ಮೊದಲು ಮಂಚದ ಕಾಲಿನವು.

— ಅತ್ತಿಗೆ

ಜುಲೈ ೯

ಅತ್ತಿಗೆ, ಅತ್ತಿಗೆ,

ಅಂಚೆಯವರು ಬಂದಾಗ ಅಂಗಡಿ ತುಂಬ ಜನ. ನಿಮ್ಮ ಮೇಲಿನ ಸಿಟ್ಟಿನಲ್ಲೇ ಒಡೆದು ಓದಿದೆ. ನಾಲ್ಕೇ ಸಾಲು. ಮೈ ಉರಿಯಿತು. ‘ಆಯ್ತು, ನೋಡಿ ಏನೂ ಇಲ್ಲ ಅಂತ ಬರೆದು ಮುಖಕ್ಕೆ ಎಸೀತೀನಿ’ ಅಂದುಕೊಂಡು ಟಾರ್ಚ್ ಹಿಡಿದು ಮೇಲೆ ಹೋದೆ.

ಮಂಚದ ಕಾಲಿನ ಬಟ್ಟಲಿಗೆ ಬೆಳಕು ಬಿಟ್ಟೆ. ನೀರು ಕನ್ನಡಿಯ ಹಾಗಿತ್ತು. ನಕ್ಕೆ. ಆಮೇಲೆ ನೀರೊಳಗೆ ಏನೋ ಬಳುಕಿತು. ಕತ್ತರಿಸಿದ ನೂಲಿನ ಚೂರುಗಳಂಥವು, ತಲೆ ಕೆಳಗೆ ಮಾಡಿಕೊಂಡು ನೇತಾಡುತ್ತಿದ್ದವು, ಬೆಳಕು ಬಿದ್ದದ್ದೇ ತಡ ಕುಣಿಯುತ್ತ ತಳಕ್ಕೆ ಇಳಿದವು. ತೊಟ್ಟಿಲಿನ ಬಟ್ಟಲಲ್ಲೂ ಅವೇ. ನನ್ನ ಮಗಳು ಮಲಗಬೇಕಾದ ಜಾಗದ ಕೆಳಗೆ, ನನ್ನ ಕೈಯಾರೆ, ದಿನಾ ನೀರು ಹಾಕಿ ಸಾಕಿದ್ದೇನೆ ಅತ್ತಿಗೆ!

ಕೆಳಗೆ ಬಂದು ನೋಡಿದರೆ ಎಲ್ಲ ಬಟ್ಟಲಲ್ಲೂ ಅದೇ ಸಂಸಾರ. ಹಿಟ್ಟಣ್ಣ ಬೆಳಕು ಹರಿಯುವ ಮೊದಲೇ ಬರಿಗಾಲಲ್ಲಿ ನಿಂತು ನಾದುವ ಮೇಜಿನ ಕೆಳಗೆ ಅತಿ ಹೆಚ್ಚು. ಸೂಜಿ ಮೇಷ್ಟ್ರು ದಿನಾ ಬೆಳಗ್ಗೆ ಬಂದು ಕೂತು ಪೇಪರ್ ಓದುವ ಬೆಂಚಿನ ಪಕ್ಕದ ಕಪಾಟಿನ ಕಾಲಿನ ಬಟ್ಟಲಲ್ಲೂ ಇತ್ತು. ಹೌದು, ಅವರಿಗೂ ಡೆಂಗಿಯೇ, ಗೊತ್ತಿದ್ದೂ ಮುಚ್ಚಿಟ್ಟೆ. ಆರೋಗ್ಯ ಇಲಾಖೆಯವರು ಡ್ರಮ್ಮು ನೋಡಿದರು, ತೊಟ್ಟಿ ನೋಡಿದರು, ಕಾಲಬುಡ ಯಾರೂ ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ನನ್ನ ಬೇಕರಿಯನ್ನು ನೋಡಿಯೇ ಹೇಳಿದ್ದಿರಬೇಕು. ‘ಬಟ್ಟಲು ಒಣಗಬಾರದು’ ಅಂದಿದ್ದರು ಅಮ್ಮ. ಒಣಗಲು ಬಿಡಲೇ ಇಲ್ಲ ನಾನು. ಚೆಲ್ಲಲೂ ಇಲ್ಲ, ಉಜ್ಜಲೂ ಇಲ್ಲ. ಇಳಿದಷ್ಟು ತುಂಬಿಸಿದೆ, ಅಷ್ಟೇ.

ಇನ್ನೂ ಒಂದು ಮುಚ್ಚಿಟ್ಟಿದ್ದೆ. ಕೇಕಿನ ಮೇಲೆ ಹೂ ಬಿಡಿಸುವ ನಮ್ಮ ಕ್ರೀಮ್ ಹುಡುಗಿಗೂ ಜ್ವರ ಬಂದಿತ್ತು. ನೀವು ಫೋನ್ ಮಾಡುತ್ತಿದ್ದ ದಿನ ಬೆಳಗ್ಗೆ ಜ್ವರ ಬಿಟ್ಟಿತು. ಅವಳ ತಾಯಿ ‘ಸದ್ಯ, ಗೆದ್ವಿ’ ಅಂದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದಳು. ನಿಮ್ಮ ಮೇಲೆ ಎಷ್ಟೇ ಕೋಪವಿದ್ದರೂ ನಿಮ್ಮ ಮಾತು ನನ್ನ ತಲೆಯೊಳಗೆ ಗಂಟೆ ಬಾರಿಸಿತು. ‘ಗೆದ್ದಿಲ್ಲ, ಏಳ್ರೀ!’ ಅಂದು ಬ್ರೆಡ್ಡಿನ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಅದಕ್ಕೇ ಅಂಗಡಿ ಮುಚ್ಚಿತ್ತು, ಅದಕ್ಕೇ ಫೋನ್ ಎತ್ತಲಿಲ್ಲ. ‘ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು’ ಅಂದರು ಡಾಕ್ಟರ್. ಡ್ರಿಪ್ ಹಾಕಿದರು. ಈಗ ಕಣ್ಣು ಬಿಟ್ಟು ಮಾತಾಡುತ್ತಿದ್ದಾಳೆ.

ಬಟ್ಟಲುಗಳನ್ನೆಲ್ಲ ಬಿಸಿಲಿಗೆ ಕಾದ ಅಂಗಳದಲ್ಲಿ ಚೆಲ್ಲಿ, ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಕೈಗೆ ಬೊಬ್ಬೆ ಬಂದಿದೆ. ಕಾಲುಗಳಿಗೆಲ್ಲ ಬ್ರೆಡ್ಡಿನ ಅಚ್ಚಿಗೆ ಸವರುವ ಜಿಡ್ಡನ್ನೇ ಬಳೆಯ ಹಾಗೆ ದಪ್ಪಗೆ ಬಳಿದಿದ್ದೇನೆ. ಇರುವೆ ಬಂದರೆ ಜಾರಿ ಬೀಳುತ್ತದೆ. ನೀರೇ ಬೇಡ.

ನಾನು ಬರೆದದ್ದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ‘ನಿಮ್ಮ ಮನೆಯಲ್ಲಿ ಮಗು ಆಡಲಿಲ್ಲ’ ಅಂದೆನಲ್ಲ. ಅತ್ತಿಗೆ, ಕ್ಷಮಿಸಿ ಅನ್ನಲೂ ಮುಖವಿಲ್ಲ.

ಜುಲೈ ೧೪

ನಾದಿನಿಗೆ,

ನಿನ್ನ ಪತ್ರವನ್ನು ವಾರ್ಡಿನಲ್ಲಿ ನಿಂತೇ ಓದಿದೆ. ಕ್ರೀಮ್ ಹುಡುಗಿಯ ಭಾಗಕ್ಕೆ ಬಂದಾಗ ಕಣ್ಣು ತುಂಬಿತು. ನೀನು ಅವಳ ಜೀವ ಉಳಿಸಿದ್ದೀಯ. ನಮ್ಮಲ್ಲಿಗೆ ಎಷ್ಟೋ ಜನ ಆ ‘ಗೆದ್ವಿ’ ಅನ್ನುವ ಮಾತಿನಿಂದಲೇ ತಡವಾಗಿ ಬರುತ್ತಾರೆ.

ಬಟ್ಟಲಿನ ವಿಷಯಕ್ಕೆ ನಿನ್ನೊಬ್ಬಳನ್ನೇ ದೂರಬೇಡ. ತೊಟ್ಟಿ, ಟೈರು, ಹೂಕುಂಡ ಅಂತ ಊರಿನದ್ದೆಲ್ಲ ಪಟ್ಟಿ ಮಾಡಿದ ನನಗೆ, ಹೊಸ ಸೊಸೆಯಾಗಿ ದಿನಾ ಬಗ್ಗಿ ಬಗ್ಗಿ ತುಂಬಿಸಿದ ಬಟ್ಟಲು ಹೊಳೆಯಲೇ ಇಲ್ಲ. ಅದು ನೀರು ಅಂತ ನಮ್ಮಿಬ್ಬರಿಗೂ ಅನ್ನಿಸಿರಲಿಲ್ಲ, ಅದು ನಮಗೆ ಅತ್ತೆಯ ಮರ್ಯಾದೆ. ನೀನು ಅಷ್ಟು ಜೋರಾಗಿ ಬೈಯದೆ ಇದ್ದಿದ್ದರೆ ನನಗೆ ನೆನಪೂ ಆಗುತ್ತಿರಲಿಲ್ಲ. ಬೈಗುಳಕ್ಕೆ ನನ್ನ ಉತ್ತರ ಇಷ್ಟೇ.

ಮಗುವಿನ ಮಾತು ನೋಯಿಸಿತು. ನೋಯಲಿಲ್ಲ ಅಂದರೆ ಸುಳ್ಳಾಗುತ್ತದೆ. ನೀನು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಹುಡುಗಿ ರಾತ್ರಿ ಮಗು ಒದೆಯಿತು ಅಂತ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಾಗ, ಇವಳು ಇಲ್ಲೇ ಇರಬಾರದೇ ಅನ್ನಿಸಿದ್ದು ಹೌದು. ನಾನು ಮುಚ್ಚಿಟ್ಟದ್ದು ಇನ್ನೊಂದಿದೆ. ಅವಳು ಇಲ್ಲಿ ಖುಷಿಯಾಗಿದ್ದಾಳೆ ಅಂತ ಬರೆದೆನಲ್ಲ, ಅವಳು ವಾರಕ್ಕೆರಡು ಸಲ ನಿನ್ನನ್ನು ನೆನೆದು ಅಳುತ್ತಾಳೆ. ‘ಅಮ್ಮನ ಹತ್ರ ಹೋಗ್ಬೇಕು’ ಅಂತ. ನಿನಗೆ ಹೇಳಿದರೆ ನೀನು ಬಂದು ಎತ್ತಿಕೊಂಡೇ ಹೋಗುತ್ತೀಯ ಅಂತ ಹೇಳಲಿಲ್ಲ.

ಈಗ ಕೆಲಸದ ಮಾತು. ನಿನ್ನ ಅಂಗಡಿ ಒಂದೇ ಚೊಕ್ಕವಾದರೆ ಸಾಲದು. ಸೊಳ್ಳೆಗೆ ಗೋಡೆಯ ಆಚೆ ಯಾರ ಅಂಗಡಿ ಅನ್ನುವುದು ಗೊತ್ತಿಲ್ಲ. ಬೀದಿ ಪೂರ್ತಿ ಒಣಗಬೇಕು. ಜುಲೈ ಕಳೆಯಲಿ, ಹೊಸ ಜ್ವರ ಬರದಿರಲಿ, ನಾನೇ ಅವಳನ್ನು ಕರೆತರುತ್ತೇನೆ. ಇದು ನರ್ಸ್ ಕೊಡುವ ಮಾತು, ಅತ್ತಿಗೆ ಕೊಡುವ ಮಾತಲ್ಲ. ಆದ್ದರಿಂದ ನಂಬು.

ಆಗಸ್ಟ್ ೬

ಅತ್ತಿಗೆಗೆ,

ಗೆದ್ವಿ! ಈ ಸಲ ತಡೆದು, ಯೋಚಿಸಿ, ನೋಡಿಯೇ ಈ ಪದ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಬಂದ ಸಂಜೆಯೇ ಬೀದಿಯವರನ್ನೆಲ್ಲ ಅಂಗಡಿಗೆ ಕರೆದೆ. ಅವತ್ತು ಚೆಲ್ಲುವ ಮೊದಲೇ ಗಾಜಿನ ಲೋಟದಲ್ಲಿ ನನ್ನ ಬಟ್ಟಲಿನ ಹುಳಗಳನ್ನು ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಅದನ್ನೇ ಗಾಜಿನ ಕಪಾಟಿನಲ್ಲಿ ಕೇಕಿನ ಪಕ್ಕ ನಿಲ್ಲಿಸಿದೆ. ‘ಇದು ನಮ್ಮ ಬೇಕರಿಯ ಹೊಸ ಮಾಲು. ನಾನೇ ಸಾಕಿದ್ದು. ಹಿಟ್ಟಣ್ಣನ್ನ ಮಲಗಿಸಿದ್ದೂ ಇದೇ, ಮೇಷ್ಟ್ರನ್ನ ಮಲಗಿಸಿದ್ದೂ ಇದೇ’ ಅಂದೆ. ಕ್ಷೌರದಂಗಡಿಯವರು ಮೆಲ್ಲಗೆ, ‘ಅಕ್ಕಾ, ನಮ್ಮ ಕನ್ನಡಿ ಮುಂದೆ ಬಾಟ್ಲಿನಲ್ಲಿ ಬಳ್ಳಿ ಇಟ್ಟಿದೀನಿ, ನೋಡ್ಬೇಕಾ?’ ಅಂದರು. ನೋಡಿದೆವು. ಇತ್ತು! ಸೂಜಿ ಮೇಷ್ಟ್ರು ಇಸ್ತ್ರಿಗೆ ಚಿಮುಕಿಸುವ ನೀರಿನ ಜಾಡಿಯಲ್ಲೂ ಇತ್ತು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಸಾಕುಪ್ರಾಣಿಗಳನ್ನು ಒಪ್ಪಿಕೊಂಡರು. ನಾನು ಮೊದಲು ನನ್ನ ಮಾನ ಹರಾಜು ಹಾಕಿದ್ದರಿಂದ ಯಾರಿಗೂ ನಾಚಿಕೆ ಉಳಿಯಲಿಲ್ಲ.

ಈಗ ಪ್ರತಿ ಸೋಮವಾರ ಬೆಳಗ್ಗೆ ನಾನು ಹಳೇ ಟ್ರೇ ಒಂದನ್ನು ಲಟ್ಟಣಿಗೆಯಿಂದ ಬಡಿಯುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತೇನೆ. ಎಲ್ಲರೂ ಚೆಲ್ಲುವವರೇ, ಉಜ್ಜುವವರೇ. ಮೊದಮೊದಲು ‘ಬಂತಪ್ಪ ಸೊಳ್ಳೆ ಬ್ಯಾಂಡು’ ಅಂತ ಹಾಸ್ಯ ಮಾಡುತ್ತಿದ್ದರು. ಹೋದ ವಾರ ನಾನು ತಡವಾಗಿ ಹೊರಟರೆ ಹಿಂದಿನ ಬೀದಿಯವರು ಬಂದು, ‘ಇವತ್ತು ಬಡಿಯಲ್ವಾ, ನಾವು ಕಾಯ್ತಾ ಇದೀವಿ’ ಅಂತ ಕೇಳಿದರು. ಅವರನ್ನು ನಾನು ಕರೆದೇ ಇರಲಿಲ್ಲ!

ಇಷ್ಟು ಮಳೆ ಬಂದರೂ ಬೀದಿಯಲ್ಲಿ ಒಂದು ಹೊಸ ಜ್ವರವಿಲ್ಲ. ಅದೇ ಆರೋಗ್ಯ ಇಲಾಖೆಯವರು ಮತ್ತೆ ಬಂದರು. ಈ ಸಲ ನಾನೇ ಅವರನ್ನು ಮಂಡಿಯೂರಿಸಿ ಮೇಜಿನ ಕಾಲು, ಕಪಾಟಿನ ಕಾಲು, ಮಂಚದ ಕಾಲು ಎಲ್ಲ ತೋರಿಸಿದೆ. ಪ್ಯಾಂಟಿಗೆಲ್ಲ ಜಿಡ್ಡು ಮೆತ್ತಿಕೊಂಡು ಎದ್ದು, ‘ಎಲ್ಲೂ ಇಲ್ಲಮ್ಮ. ನಿಮ್ಮ ಬೀದೀಲಿ ನಮಗೆ ಕೆಲಸ ಇಲ್ಲ’ ಅಂದರು. ಇನ್ನು ಮೇಲೆ ಎಲ್ಲ ಕಡೆಯೂ ಕಾಲಬುಡ ನೋಡುತ್ತಾರಂತೆ. ಹಿಟ್ಟಣ್ಣ ಪ್ಯಾಂಟು, ಬೂಟು ಹಾಕಿಕೊಂಡು ಸಾಹೇಬನ ಹಾಗೆ ನಾದುತ್ತಿದ್ದಾನೆ. ಕ್ರೀಮ್ ಹುಡುಗಿ ಮೊನ್ನೆಯಿಂದ ಮತ್ತೆ ಕೆಲಸಕ್ಕೆ ಬರುತ್ತಿದ್ದಾಳೆ.

ಕೋಣೆಯ ಕಿಟಕಿಗೆ ಬಲೆ ಹೊಡೆಸಿದೆ. ಮಂಚಕ್ಕೆ ಸೊಳ್ಳೆಪರದೆ, ತೊಟ್ಟಿಲಿಗೂ ಸಣ್ಣದೊಂದು ಪರದೆ. ಪಕ್ಕದಲ್ಲಿ ಇನ್ನೊಂದು ಮಂಚ ಹಾಕಿಸಿದ್ದೇನೆ. ಅದು ನಿಮಗೆ. ಅವಳನ್ನು ಬಿಟ್ಟು ಹೋಗಲು ಬರಬೇಡಿ ಅತ್ತಿಗೆ. ಇರಲು ಬನ್ನಿ.

ಆಗಸ್ಟ್ ೧೨

ನಾದಿನಿಗೆ,

ರಜೆ ಸಿಕ್ಕಿತು. ಇಷ್ಟು ವರ್ಷ ರಜೆ ಕೇಳದವಳು ಕೇಳಿದೆನಲ್ಲ ಅಂತ ಮೇಟ್ರನ್ ಗಾಬರಿಯಾಗಿ, ‘ಏನಾಯ್ತು, ಹುಷಾರಿಲ್ವಾ?’ ಅಂದರು. ‘ಹೆರಿಗೆ’ ಅಂದೆ. ಅವರ ಮುಖ ನೋಡಬೇಕಿತ್ತು!

ಡಾಕ್ಟರ್ ಪ್ರಯಾಣಕ್ಕೆ ಒಪ್ಪಿದ್ದಾರೆ. ಭಾನುವಾರ ಹೊರಡುತ್ತೇವೆ. ಹುಡುಗಿ ಈಗಲೇ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ನಿಮ್ಮಣ್ಣ ಅದಕ್ಕೆ ಎಡವಿ ಬೀಳುವುದು, ಅವಳು ನಗುವುದು, ಇದೇ ನಡೆದಿದೆ. ಬಂದ ಕೂಡಲೇ ನಾನು ಮಂಡಿಯೂರಿ ಎಲ್ಲ ಕಾಲು ನೋಡುವವಳೇ. ಬೇಜಾರಾಗಬೇಡ.

ಸೆಪ್ಟೆಂಬರ್ ೨೮

ಅತ್ತಿಗೆಗೆ,

ನೀವು ವಾಪಸು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ, ಮಗು ಅಷ್ಟು ಅಳುತ್ತಿದ್ದರೂ. ಮೊಮ್ಮಗಳು ಗುಂಡುಗುಂಡಾಗಿದ್ದಾಳೆ. ಭಟ್ಟಿಯಿಂದ ಮೊದಲ ಬ್ರೆಡ್ಡು ತೆಗೆಯುವ ಹೊತ್ತಿಗೆ ಏಳುತ್ತಾಳೆ, ಪಕ್ಕಾ ಬೇಕರಿಯವಳು. ಬಾಣಂತಿಗೆ ಮೈ ಬಿಸಿಯಾದದ್ದಿಲ್ಲ, ಮಗುವಿಗೆ ಒಂದು ಸೊಳ್ಳೆ ಕಚ್ಚಿದ್ದಿಲ್ಲ. ಹಗಲೆಲ್ಲ ಆ ಸಣ್ಣ ಪರದೆಯೊಳಗೆ ಕೈ ಬಿಚ್ಚಿ ಮಲಗಿರುತ್ತಾಳೆ. ನಾನು ಹೊರಗೆ ಕೂತು ನೋಡುತ್ತೇನೆ. ಜೂನಿನಲ್ಲಿ ನನ್ನ ಹಟವೇ ಗೆದ್ದಿದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಅವಳ ಉಸಿರು ಕೇಳಿ ಬರುತ್ತೇನೆ.

ನಿಮಗೆ ಹೇಳದ ಒಂದು ಮಾತಿದೆ. ಆಸ್ಪತ್ರೆಯಲ್ಲಿ ನೋವು ಜೋರಾಗಿ, ಒಳಗೆ ಒಬ್ಬರೇ ಬರಬಹುದು ಅಂದಾಗ ಅವಳು ಕೂಗಿದ್ದು ‘ಅತ್ತೇ’ ಅಂತ. ನನ್ನನ್ನು ಕರೆಯಲಿಲ್ಲ. ಎದೆ ಚುರ‍್ರೆಂದಿತು, ಸುಳ್ಳೇಕೆ ಹೇಳಲಿ. ನೀವು ನನ್ನ ಮುಖ ನೋಡುತ್ತ ನಿಂತುಬಿಟ್ಟಿರಿ, ಅಲ್ಲಾಡಲಿಲ್ಲ. ‘ಹೋಗಿ ಅತ್ತಿಗೆ, ಮಗಳು ಕರೀತಿದಾಳೆ’ ಅಂತ ನಿಮ್ಮನ್ನು ತಳ್ಳಿದೆನಲ್ಲ, ಆ ಹೊತ್ತಿನಲ್ಲಿ ನನಗೆ ಆದಷ್ಟು ಸಂತೋಷ ನನ್ನ ಜೀವಮಾನದಲ್ಲಿ ಆಗಿರಲಿಲ್ಲ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಮಗುವಿನ ಮುಖ ಮೊದಲು ನೋಡಿದ್ದು ನೀವೇ. ಅದು ಹಾಗೇ ಆಗಬೇಕಿತ್ತು.

ಬನ್ನು ಕೊಳ್ಳಲು ಬಂದವರೆಲ್ಲ ಮೇಲಿನಿಂದ ಅಳು ಕೇಳಿದ ಕೂಡಲೇ, ‘ಅಂತೂ ಅಜ್ಜಿ ಆಗ್ಬಿಟ್ರಲ್ಲ!’ ಅನ್ನುತ್ತಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ:

‘ಇಬ್ಬರು ಅಜ್ಜೀರು ಇದೀವಿ. ಇನ್ನೊಬ್ಬರು ಡ್ಯೂಟಿಗೆ ಹೋಗಿದಾರೆ, ಬರ್ತಾರೆ.’